ಮಕ್ಕಳ ನಾಯಕತ್ವ: ಪಟ್ಟವೋ, ಪಾಳಿಯೋ?



ಜೂನ್ ತಿಂಗಳು ಬಂತೆಂದರೆ ನಮ್ಮ ಬೆಟ್ಟದ ಶಾಲೆಗಳಲ್ಲಿ ಹೊಸ ಪುಸ್ತಕಗಳ ಸಂಭ್ರಮದ ಜೊತೆಗೆ ಇನ್ನೊಂದು ಸಡಗರವೂ ತಲೆದೋರುತ್ತದೆ. ಅದು ತರಗತಿಯ ನಾಯಕನ ಆಯ್ಕೆ. “ನಮ್ಮ ಹುಡುಗನನ್ನು ಲೀಡರ್ ಮಾಡಿ ಸಾರ್, ಸ್ವಲ್ಪ ಧೈರ್ಯ ಬರಲಿ” ಎಂದು ತಂದೆತಾಯಿಗಳು ಕೇಳಿಕೊಳ್ಳುವುದುಂಟು. ಆ ಅಪೇಕ್ಷೆಯಲ್ಲಿ ದೋಷವೇನೂ ಇಲ್ಲ. ಆದರೆ ಒಬ್ಬನಿಗೆ ಧೈರ್ಯ ಬರಲೆಂದು ಉಳಿದವರೆಲ್ಲ ವರ್ಷವಿಡೀ ಕೈಕಟ್ಟಿ ಕುಳಿತಿರಬೇಕೆ? ನಾಯಕತ್ವವು ಒಬ್ಬರಿಗೆ ಕಟ್ಟುವ ಪಟ್ಟವೋ, ಎಲ್ಲರೂ ಹೊರಬೇಕಾದ ಪಾಳಿಯೋ? ಈ ತಿಂಗಳು ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ತರಗತಿಯ ಮಾನಿಟರ್ ಎಂಬ ಏರ್ಪಾಡು ಪರದೇಶದಿಂದ ಬಂದುದೆಂದು ಅನೇಕರ ಭಾವನೆ. ವಾಸ್ತವವಾಗಿ ಅದರ ಬೇರು ನಮ್ಮ ಜಗುಲಿ ಶಾಲೆಗಳಲ್ಲಿದೆ. ತಮಿಳುನಾಡಿನ ತಿಣ್ಣೈ ಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನು ಕಿರಿಯರಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದನು. ಅವನನ್ನು ಚಟ್ಟಾಂಪಿಳ್ಳೆ ಎಂದು ಕರೆಯುತ್ತಿದ್ದರು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಗಳು, ಊರಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡರು. ಅದನ್ನು ತಮ್ಮ ಶಾಲೆಗೂ ತರಬೇಕೆಂದರೆ ಉಪಾಧ್ಯಾಯರು ಒಪ್ಪಲಿಲ್ಲ. ಕಡೆಗೆ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಬಾಲಕನಿಗೇ ಚಿಕ್ಕವರ ತರಗತಿಯನ್ನು ಒಪ್ಪಿಸಿದರು. ಹುಡುಗನು ಅದನ್ನು ಮಾಡಿ ತೋರಿಸಿದನು. 1797ರಲ್ಲಿ ಬೆಲ್ಲರ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಮುಂದೆ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಗಿ ಅನೇಕ ದೇಶಗಳಿಗೆ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ‘ಮದರಾಸು ಕಾಲೇಜು’ ಎಂಬ ಹೆಸರಿನ ಶಾಲೆ ಇಂದಿಗೂ ಇದೆ.

ಇನ್ನೊಬ್ಬನಿಗೆ ಕಲಿಸುವವನು ತಾನೂ ಎರಡನೆಯ ಸಲ ಕಲಿಯುತ್ತಾನೆ. ಈ ಪದ್ಧತಿಯ ಸಾರ ಇಷ್ಟೇ. ಆದರೆ ಸಾರ ಸೋರಿಹೋಗಲು ಬಹಳ ಕಾಲ ಬೇಕಾಗಲಿಲ್ಲ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಇಂಥದೇ ಶಾಲೆಗಳನ್ನು ನಡೆಸಿದ ಜೋಸೆಫ್ ಲ್ಯಾಂಕಾಸ್ಟರ್, ಹೊಡೆತ ಕೂಡದೆಂದು ಹೇಳುತ್ತಲೇ, ತಪ್ಪು ಮಾಡಿದ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಎಲ್ಲರಿಗೂ ಕಾಣುವಂತೆ ಮೇಲಕ್ಕೆ ತೂಗುಹಾಕಿಸುವಂಥ ಅವಮಾನದ ಶಿಕ್ಷೆಗಳನ್ನು ಹೂಡಿದನು. ನಮ್ಮಲ್ಲಿ ಬುಟ್ಟಿಯಿಲ್ಲ, ಕರಿಹಲಗೆಯಿದೆ. ಉಪಾಧ್ಯಾಯರು ಹೊರಗೆ ಹೋದೊಡನೆ ಮಾನಿಟರನು ಎದ್ದು ನಿಂತು ಮಾತಾಡಿದವರ ಹೆಸರು ಬರೆಯುತ್ತಾನೆ. ಸ್ನೇಹಿತನ ಹೆಸರನ್ನು ಬಿಡುತ್ತಾನೆ, ಆಗದವನ ಹೆಸರಿನ ಮುಂದೆ ಎರಡು ಗೀಟು ಹೆಚ್ಚಿಗೆ ಎಳೆಯುತ್ತಾನೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಉಪಾಧ್ಯಾಯರ ಕೈಯಿಂದ ಬೆತ್ತವೇನೋ ಹೋಯಿತು. ಮಾನಿಟರನ ಕೈಯಲ್ಲಿ ಸೀಮೆಸುಣ್ಣ ಉಳಿಯಿತು. ಒಂಬತ್ತು ವರ್ಷದ ಬಾಲಕನು ಇದರಿಂದ ಕಲಿಯುವುದೇನು? ಅಧಿಕಾರವೆಂದರೆ ಇನ್ನೊಬ್ಬರ ಮೇಲೆ ಚಾಡಿ ಹೇಳುವ ಹಕ್ಕು ಎಂಬುದನ್ನು. ಇದು ನಾಯಕತ್ವದ ಶಿಕ್ಷಣವೆಂದು ನಾವು ಒಪ್ಪಲಾರೆವು.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ನೀಲಗಿರಿಯ ಶಾಲೆಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿ. ಹಟ್ಟಿಗಳ ಬಡಗ ಮಕ್ಕಳು, ತೋಡ ಕೋತರ ಮಕ್ಕಳು, ಬಯಲುಸೀಮೆಯಿಂದ ಬಂದ ತಮಿಳು, ಕನ್ನಡ ಮನೆಗಳ ಮಕ್ಕಳು, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ತರುವಾಯ ಸಿಂಹಳದಿಂದ ಮರಳಿದ ಕುಟುಂಬಗಳ ಮೊಮ್ಮಕ್ಕಳು, ಈಚೆಗೆ ಜಾರ್ಖಂಡದ ಕಡೆಯಿಂದ ಚಹಾ ತೋಟಗಳ ಕೆಲಸಕ್ಕೆ ಬಂದವರ ಮಕ್ಕಳು. ಪಾಠದ ಭಾಷೆ ತಮಿಳು. ಮನೆಯ ಮಾತು ಹಲವು. ಇಂಥಲ್ಲಿ ಒಬ್ಬನನ್ನೇ ನಾಯಕನೆಂದು ಆರಿಸಿದರೆ ಆ ಸ್ಥಾನ ಯಾರಿಗೆ ಹೋಗುವುದೆಂದು ಊಹಿಸುವುದು ಕಷ್ಟವಲ್ಲ. ಮಾತು ಚುರುಕಾಗಿರುವವನಿಗೆ, ಅಥವಾ ಊರಿನಲ್ಲಿ ತಂದೆಯ ಮಾತು ನಡೆಯುವವನಿಗೆ. ನಮ್ಮ ಕನ್ನಡದ ಮಗು ತಮಿಳಿನಲ್ಲಿ ತಡವರಿಸಿ ಹಿಂದಿನ ಸಾಲಿನಲ್ಲಿ ಉಳಿದರೆ ನಮಗೆ ನೋವಾಗುತ್ತದೆ. ನಮ್ಮವರೇ ಹೆಚ್ಚಾಗಿರುವ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರು ಯಾರೆಂಬುದನ್ನೂ ನಾವು ನೋಡಬೇಕಲ್ಲವೆ?

ಕೆಲಸಗಳ ಹಂಚಿಕೆಯಲ್ಲೂ ಈ ಭೇದ ನುಸುಳುತ್ತದೆ. ಗಂಟೆ ಬಾರಿಸುವ ಗೌರವ ಕೆಲವು ಮನೆಗಳ ಮಕ್ಕಳಿಗೆ, ಪೊರಕೆ ಬೇರೆ ಕೆಲವು ಮನೆಗಳ ಮಕ್ಕಳಿಗೆ; ಭಾಷಣ ಹುಡುಗರಿಗೆ, ರಂಗೋಲಿ ಹುಡುಗಿಯರಿಗೆ. ಯಾರೂ ಹೀಗೆಂದು ಆಜ್ಞೆ ಮಾಡಿರುವುದಿಲ್ಲ. ವಾಡಿಕೆ ಎಂಬುದು ಆಜ್ಞೆಗಿಂತ ಬಲವಾದುದು. ಶಾಲೆಯ ಸಂಸ್ಕೃತಿ ಎಂಬ ದೊಡ್ಡ ಮಾತಿನ ಅರ್ಥ ಗೋಡೆಯ ಮೇಲಿನ ಸುಭಾಷಿತದಲ್ಲಿಲ್ಲ. ಪೊರಕೆ ಯಾರ ಕೈಗೆ ಬರುತ್ತದೆ, ಗಂಟೆಯ ಕೋಲು ಯಾರ ಕೈಗೆ ಬರುತ್ತದೆ ಎಂಬುದರಲ್ಲಿದೆ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಪ್ರಾಥಮಿಕ ಶಾಲೆಗೆ ತಕ್ಕುದು ಪಾಳಿ. ಗಂಟೆ, ಬೆಳಗಿನ ಕೂಟದಲ್ಲಿ ತಿರುಕ್ಕುರಳ್ ಹೇಳಿಸುವುದು, ಕುಡಿಯುವ ನೀರು, ಪುಸ್ತಕದ ಕಪಾಟು, ಹೂಗಿಡಗಳು, ತರಗತಿಯ ಕಸ, ಉಪಾಹಾರದ ಹೊತ್ತಿಗೆ ಚಿಕ್ಕವರು ಕೈ ತೊಳೆದರೋ ಎಂದು ನೋಡುವುದು, ಇವೆಲ್ಲವನ್ನೂ ಪಟ್ಟಿ ಮಾಡಿ, ಪ್ರತಿ ಸೋಮವಾರ ಬದಲಾಗುವಂತೆ ಗೋಡೆಗೆ ತೂಗುಹಾಕಬೇಕು. ಒಂದನೆಯ ತರಗತಿಯ ಮಗುವಿಗೂ ಅದರಲ್ಲಿ ಹೆಸರಿರಬೇಕು. ಗಂಟೆ ಬಾರಿಸಿದವನಿಗೆ ಪೊರಕೆಯ ವಾರವೂ ಬರಬೇಕು. ಶೌಚಾಲಯ ತೊಳೆಯುವುದು, ಬಿಸಿ ಪಾತ್ರೆ ಎತ್ತುವುದು ಮಾತ್ರ ಯಾವ ಮಗುವಿನ ಪಾಳಿಯೂ ಅಲ್ಲ. ಅದು ದೊಡ್ಡವರ ಹೊಣೆ.

ಅವಲಾಂಚಿನಂಥ ಸ್ಥಳದಲ್ಲಿ ಎರಡು ಪಾಳಿಗಳನ್ನು ವಿಶೇಷವಾಗಿ ಸೇರಿಸಬೇಕು. 2019ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಬೆಟ್ಟ ಜಾರಿತು, ದಾರಿಗಳು ಮುಚ್ಚಿದವು. ಹಾಗಾಗಿ ಮೊದಲನೆಯದು ಮಳೆ ಅಳೆಯುವ ಪಾಳಿ. ನೇರವಾದ ಗಾಜಿನ ಸೀಸೆಯೂ ಅಳತೆಪಟ್ಟಿಯೂ ಇದ್ದರೆ ಸಾಕು. ಪ್ರತಿದಿನ ಒಂದೇ ಹೊತ್ತಿಗೆ ನೋಡಿ, ಕಂಡದ್ದನ್ನು ಕಂಡಹಾಗೆ ಬರೆಯುವ ಅಭ್ಯಾಸ ಮಗುವಿಗೆ ಬರುತ್ತದೆ. ಎರಡನೆಯದು ದಾರಿಯ ಪಾಳಿ. ಒಂದೇ ಹಾದಿಯಲ್ಲಿ ಮನೆಗೆ ಹೋಗುವ ಆರೇಳು ಮಕ್ಕಳಲ್ಲಿ ದೊಡ್ಡವನೊಬ್ಬನು ತಲೆ ಎಣಿಸುತ್ತಾನೆ, ಚಿಕ್ಕವರ ನಡಿಗೆಗೆ ತಕ್ಕಂತೆ ನಡೆಯುತ್ತಾನೆ. ಹಾದಿಯಲ್ಲಿ ಕಾಟಿ ಕಂಡರೂ ಲೆಕ್ಕ ತಪ್ಪಿದರೂ ಹಿರಿಯರಿಗೆ ತಿಳಿಸುವುದಷ್ಟೇ ಅವನ ಕೆಲಸ. ಮುಂದೆ ಓಡುವವನಿಗಿಂತ ಹಿಂದುಳಿದವನನ್ನು ನೋಡುತ್ತ ನಡೆಯುವವನೇ ನಾಯಕನೆಂಬುದನ್ನು ಯಾವ ಪಾಠಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಪಾಳಿ ತಪ್ಪಿಸಿದ ಮಗುವನ್ನು ಏನು ಮಾಡುವುದು ಎಂದು ಕೇಳುವಿರಿ. ಅದಕ್ಕೆ ನಮ್ಮ ಹಟ್ಟಿಗಳ ಹಳೆಯ ರೀತಿಯಲ್ಲೇ ಉತ್ತರವಿದೆ. ಊರಿನ ವ್ಯಾಜ್ಯ ಬಂದಾಗ ಜನ ಕೂಟ ಸೇರಿ ಮಾತಾಡುವರು. ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆ ಮಕ್ಕಳೂ ಕೂಟ ಸೇರಲಿ. ಈ ವಾರ ಯಾರು ಯಾರಿಗೆ ನೆರವಾದರು? ಯಾವ ಕೆಲಸ ನಿಂತುಹೋಯಿತು? ಮುಂದಿನ ವಾರ ಅದು ನಡೆಯುವುದು ಹೇಗೆ? ಈ ಮೂರೇ ಪ್ರಶ್ನೆ. ನೆರವಿನ ಮಾತು ಮೊದಲು ಬರಲಿ. ತಪ್ಪಿದವನು ತಾನೇ ಕಾರಣ ಹೇಳಲಿ; ಗಿಡಕ್ಕೆ ನೀರು ಹಾಕದಿದ್ದರೆ ಮುಂದಿನ ವಾರವೂ ಅವನೇ ಹಾಕಲಿ. ತಮಿಳು ಬಾರದ ಮಗು ಮನೆಯ ಮಾತಿನಲ್ಲಿ ಹೇಳಲಿ, ಪಕ್ಕದವನು ತಿಳಿಸಿಕೊಡಲಿ. ಉಪಾಧ್ಯಾಯರು ವೃತ್ತದಲ್ಲಿ ನೆಲದ ಮೇಲೆಯೇ ಕುಳಿತು, ಕೊನೆಗೆ ಮಾತಾಡಿದರೆ ಸಾಕು.

ಇದು ಬರಿಯ ಕನಸಲ್ಲ. ಬಂಡೀಪುರದ ಕಾಡಿನ ಆಚೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು 1995ರಲ್ಲಿ ‘ನಲಿ–ಕಲಿ’ಯನ್ನು ಆರಂಭಿಸಿದರು. ಅಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಗುಂಪಾಗಿ ಕುಳಿತು, ತಾವು ಎಷ್ಟು ಮೆಟ್ಟಿಲು ಏರಿದೆವೆಂದು ಕಲಿಕೆಯ ಏಣಿಯಲ್ಲಿ ತಾವೇ ನೋಡಿಕೊಳ್ಳುವರು. ತಮಿಳುನಾಡು ಸರಕಾರವೂ 2024ರಲ್ಲಿ ತನ್ನ ಶಾಲೆಗಳಲ್ಲಿ ‘ಮಗಿಳ್ ಮುಟ್ರಂ’, ಎಂದರೆ ನಲಿವಿನ ಅಂಗಳ, ಎಂಬ ಏರ್ಪಾಡನ್ನು ತಂದಿತು. ಕುರಿಂಜಿ, ಮುಲ್ಲೈ, ಮರುದಂ, ನೆಯ್ದಲ್, ಪಾಲೈ ಎಂಬ ಐದು ಗುಂಪುಗಳು. ಹಳೆಯ ತಮಿಳು ಕಾವ್ಯದ ಐದು ನೆಲಗಳ ಹೆಸರುಗಳಿವು. ಕುರಿಂಜಿಯಂತೂ ಬೆಟ್ಟದ ನೆಲ, ನಮ್ಮದೇ. ಇಂಥ ಗುಂಪುಗಳು ಅಂಕ ಗಳಿಸುವ ಪೈಪೋಟಿಯಾಗಿ ಮುಗಿಯದೆ, ಹಿರಿಯ ಮಗು ಕಿರಿಯ ಮಗುವಿನ ಕೈ ಹಿಡಿಯುವ ಮನೆಗಳಾದರೆ ಬೆಲ್ಲರು ಮರಳಿನಲ್ಲಿ ಕಂಡ ಸತ್ಯ ತವರಿಗೆ ಮರಳಿದಂತೆ.

ಇಂಥ ಅಭ್ಯಾಸ ಮುಂದೆ ಎಲ್ಲಿ ಫಲ ಕೊಡುತ್ತದೆ? ಹುಬ್ಬತಲೆಯ ರಾವ್ ಬಹದ್ದೂರ್ ಆರಿ ಗೌಡರನ್ನು ನೆನೆಯೋಣ. ಬಡಗರಲ್ಲಿ ಮೊದಲ ಪದವೀಧರರಾದ ಅವರು 1930ರ ದಶಕದಲ್ಲಿ ಯೂರೋಪಿನಲ್ಲಿ ನಡೆದ ಜಾಗತಿಕ ಸ್ಕೌಟ್ ಮೇಳಕ್ಕೆ ಭಾರತದ ಬಾಲಕರ ತಂಡವನ್ನು ಕರೆದುಕೊಂಡು ಹೋದರು. ಆಲೂಗಡ್ಡೆ ಬೆಳೆಗಾರರಿಗೆ ಆಸರೆಯಾದ ನೀಲಗಿರಿ ಸಹಕಾರ ಮಾರಾಟ ಸಂಘವನ್ನು ಕಟ್ಟಿ ಬೆಳೆಸಿದವರೂ ಅವರೇ. ಸ್ಕೌಟಿನಲ್ಲಿ ಆರೆಂಟು ಬಾಲಕರ ಚಿಕ್ಕ ತಂಡವೇ ಬುನಾದಿ. ಸಹಕಾರ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಮತ. ಎರಡಕ್ಕೂ ಬೇಕಾದುದು ಒಂದೇ ಗುಣ: ತನ್ನ ಸರದಿಯನ್ನು ತಪ್ಪಿಸದೆ, ಇನ್ನೊಬ್ಬರ ಸರದಿಯನ್ನು ಕಸಿಯದೆ ನಡೆಯುವುದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯಿದೆ ಹೇಳುತ್ತದೆ. ಮುಂದಿನ ಸಭೆಗೆ ಹೋದಾಗ ನಿಮ್ಮ ಮಗುವಿಗೆ ಯಾವ ಸ್ಥಾನ ಸಿಕ್ಕಿತೆಂದು ಕೇಳುವ ಮೊದಲು, ಪಾಳಿಯ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಿ. ಮನೆಯಲ್ಲಿಯೂ ಮಗುವಿಗೆ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿ. ಮರೆತರೆ ನೆನಪಿಸಿ, ಆದರೆ ನೀವೇ ಮಾಡಿ ಮುಗಿಸಬೇಡಿ. ಹುಡುಗನಿಗೂ ಪೊರಕೆ ಕೊಡಿ, ಹುಡುಗಿಗೂ ಪೇಟೆಯ ಲೆಕ್ಕ ಒಪ್ಪಿಸಿ. ಸಂಜೆ ಶಾಲೆಯಿಂದ ಬಂದ ಮಗುವನ್ನು “ಎಷ್ಟು ಮಾರ್ಕು ಬಂತು?” ಎಂದು ಕೇಳುವ ಜೊತೆಗೆ “ಇಂದು ನಿನ್ನ ಪಾಳಿ ಏನಿತ್ತು?” ಎಂದೂ ಕೇಳಿ. ಆ ಎರಡನೆಯ ಪ್ರಶ್ನೆಗೆ ಪ್ರತಿಯೊಂದು ಮಗುವಿನ ಬಳಿಯೂ ಉತ್ತರವಿರುವಂತೆ ಮಾಡುವುದು ಉಪಾಧ್ಯಾಯರಾದ ನಮ್ಮೆಲ್ಲರ ಕರ್ತವ್ಯ.