ಹಕ್ಕಿಯ ಚಿತ್ರಕ್ಕೂ ಕೆಂಪು ಶಾಯಿ ಬೇಕು



ಈ ಬಾರಿ ಹಳೆಯ ನೆನಪುಗಳನ್ನು ತುಸು ಬದಿಗಿಟ್ಟು ಒಂದು ಜಗಳಕ್ಕೆ ನಿಂತಿದ್ದೇನೆ. ಜಗಳ ನಿಮ್ಮೊಡನೆಯೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ನೆಂಟರಿಷ್ಟರಲ್ಲಿಯೂ ಅನೇಕರು ಈಗ ಕ್ಯಾಮೆರಾ ಹಿಡಿದಿದ್ದೀರಿ. ಭಾನುವಾರ ಬಂತೆಂದರೆ ಕೆರೆಯ ಏರಿ, ತೋಟದ ಬೇಲಿ, ರಂಗನತಿಟ್ಟಿನ ದೋಣಿ ಎಲ್ಲವೂ ನಿಮ್ಮವೇ. ಸಂಜೆಯಾಗುತ್ತಲೇ ಮಿಂಚುಳ್ಳಿ, ಬೆಳ್ಳಕ್ಕಿ, ಪಾತರಗಿತ್ತಿಗಳ ಚಿತ್ರಗಳು ನನ್ನ ಫೋನಿಗೆ ಬಂದಿಳಿಯುತ್ತವೆ. ಇದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ನನ್ನ ತಕರಾರು ಇರುವುದು ಆ ಚಿತ್ರಗಳಿಗೆ ಬರುವ ಉತ್ತರಗಳ ಬಗ್ಗೆ. "ಸೂಪರ್", "ಅದ್ಭುತ", "ಏನು ಕಣ್ಣಪ್ಪಾ ನಿಂದು!" ಎಂಬ ಉದ್ಗಾರಗಳು, ಜೊತೆಗೆ ನಾಲ್ಕು ಚಪ್ಪಾಳೆಯ ಗುರುತುಗಳು. ಅಷ್ಟರಲ್ಲಿ ಮುಂದಿನ ಚಿತ್ರ ಬಂದಿರುತ್ತದೆ. ಹಿಂದಿನದನ್ನು ಯಾರೂ ಎರಡು ನಿಮಿಷ ನೋಡಿರುವುದಿಲ್ಲ.

ನಾನು ಹೇಳಹೊರಟಿರುವುದು ಇಷ್ಟು: ನೋಡದೆ ಹೊಗಳುವುದು ಸೌಜನ್ಯವಲ್ಲ, ಸೋಮಾರಿತನ. ಹಕ್ಕಿಪಕ್ಷಿಗಳ ಚಿತ್ರದ ವಿಷಯದಲ್ಲಂತೂ ಅದು ಅಪಾಯಕಾರಿಯೂ ಹೌದು. ಹೊಗಳಿಕೆಯನ್ನು ಹೊನ್ನಶೂಲಕ್ಕೆ ಹೋಲಿಸಿದ ಬಸವಣ್ಣನವರ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಮೊದಲು ಹೊಗಳಿಕೆಯಿಂದ ಆಗುವ ನಷ್ಟವನ್ನು ನೋಡೋಣ. ಕಪ್ಪು ನೀರಿನ ನಡುವೆ ನಿಂತ ಬೆಳ್ಳಕ್ಕಿಯ ಚಿತ್ರವೊಂದನ್ನು ಊಹಿಸಿಕೊಳ್ಳಿ. ಹಕ್ಕಿಯ ಆಕಾರವಿದೆ, ಆದರೆ ಗರಿಗಳಿಲ್ಲ. ಬಿಳಿಯ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಹೀಗಾದದ್ದೇಕೆ? ಕ್ಯಾಮೆರಾದೊಳಗಿನ ಮಾಪಕವು ತನ್ನೆದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ಬಹುಭಾಗ ಕಪ್ಪು ನೀರೇ ಆಗಿದ್ದರೆ, ಇನ್ನಷ್ಟು ಬೆಳಕು ಬೇಕೆಂದು ತೀರ್ಮಾನಿಸಿ ಎಕ್ಸ್‌ಪೋಷರನ್ನು ಏರಿಸುತ್ತದೆ. ನೀರು ಬೂದಾಗುತ್ತದೆ, ಹಕ್ಕಿಯ ಬಿಳುಪು ಸುಟ್ಟುಹೋಗುತ್ತದೆ. ಹಾಗೆ ಸುಟ್ಟ ಬಿಳುಪಿನಲ್ಲಿ ಗರಿಯ ವಿವರವೇ ದಾಖಲಾಗಿರುವುದಿಲ್ಲವಾದ್ದರಿಂದ ಮನೆಗೆ ಬಂದು ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಮರಳಿ ಬಾರದು. ಎಕ್ಸ್‌ಪೋಷರನ್ನು ಒಂದು ಹಂತದಷ್ಟು ತಗ್ಗಿಸಿ, ಹಿಸ್ಟೋಗ್ರಾಮಿನ ಬಲ ಅಂಚಿಗೆ ಗೆರೆ ಒತ್ತಿಕೊಂಡಿದೆಯೇ ಎಂದು ನೋಡಿಕೊಂಡರೆ ಸಾಕು, ಮುಂದಿನ ಚಿತ್ರದಲ್ಲಿ ಒಂದೊಂದು ಗರಿಯೂ ಕಾಣಿಸೀತು. ಇದನ್ನು ಹೇಳಲು ಬೇಕಾದದ್ದು ನಾಲ್ಕು ವಾಕ್ಯ. ಅದರ ಬದಲು "ಸೂಪರ್" ಎಂದವರು ಆ ಹುಡುಗನಿಗೆ ಮುಂದಿನ ನೂರು ಬೆಳ್ಳಕ್ಕಿಗಳನ್ನೂ ಹಾಗೆಯೇ ಸುಡಲು ಪರವಾನಗಿ ಕೊಟ್ಟಂತಾಯಿತು.

ಮಿಂಚುಳ್ಳಿಯ ಚಿತ್ರವನ್ನೇ ತೆಗೆದುಕೊಳ್ಳಿ. ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದಾಗ ಹಕ್ಕಿಯ ಬೆನ್ನು ಕಾಣುತ್ತದೆ, ಹಿಂದೆಯೇ ಕೆಸರು ಅಂಟಿಕೊಂಡಿರುತ್ತದೆ. ಅದೇ ದಡಕ್ಕಿಳಿದು, ಮೊಣಕಾಲೂರಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ತಂದರೆ ಹಿನ್ನೆಲೆ ದೂರ ಸರಿದು ಮಂಜಾಗುತ್ತದೆ, ಹಕ್ಕಿ ನಮ್ಮೆದುರು ಬಂದು ಕುಳಿತಂತಾಗುತ್ತದೆ. ಹಕ್ಕಿ ನಮ್ಮತ್ತ ಕತ್ತು ತುಸು ತಿರುಗಿಸುವವರೆಗೆ ಕಾದರೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೊಂದು ಹೊಳೆಯುತ್ತದೆ. ಆ ಚುಕ್ಕೆಯಿಲ್ಲದ ಕಣ್ಣು ಜೀವವಿಲ್ಲದ್ದರಂತೆ ತೋರುತ್ತದೆ. 400 ಮಿಲಿಮೀಟರಿನ ಲೆನ್ಸನ್ನು ಕೈಯಲ್ಲೇ ಹಿಡಿದು ಸೆಕೆಂಡಿನ ನೂರನೆಯ ಒಂದಂಶದಲ್ಲಿ ಷಟರ್ ಒತ್ತಿದರೆ ಕೈಯ ನಡುಕ ಚಿತ್ರದಲ್ಲಿ ಮೂಡುವ ಸಂಭವವೇ ಹೆಚ್ಚು. ಲೆನ್ಸಿನ ಉದ್ದಕ್ಕೆ ಸರಿಯಾಗಿ ನಾನೂರನೆಯ ಒಂದಂಶಕ್ಕಿಂತ ಕಡಿಮೆ ಸಮಯವಿರಲಿ ಎಂಬುದು ಹಳೆಯ ಲೆಕ್ಕಾಚಾರ. ಇವೆಲ್ಲ ಬಾಯಿಂದ ಬಾಯಿಗೆ, ಒಬ್ಬರು ಇನ್ನೊಬ್ಬರ ಚಿತ್ರ ನೋಡಿ ತಿದ್ದುವುದರಿಂದ ಹರಿದುಬಂದ ವಿದ್ಯೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಕಪ್ಪುಬಿಳುಪಿನಲ್ಲೇ ಕಾಡನ್ನು ಹಿಡಿದ ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲಂ ಕಾಲದಲ್ಲಿ ಕಲಿತವರು. ಒಂದು ಸುರುಳಿಗೆ 36 ಚಿತ್ರ. ಸುರುಳಿ ತೊಳೆದು ಬರುವವರೆಗೆ ತಪ್ಪೇನೆಂದು ತಿಳಿಯುವಂತಿರಲಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇಂಥ ಸಂಘಗಳ ದೊಡ್ಡ ಉಪಕಾರವೆಂದರೆ ಚಿತ್ರವನ್ನು ಮನೆಯವರಲ್ಲದವರ ಕಣ್ಣಿಗೆ ಒಡ್ಡುವುದು. ಮನೆಯವರು ನಮ್ಮನ್ನು ನೋಡುತ್ತಾರೆ, ಹೊರಗಿನವರು ಚಿತ್ರವನ್ನು ನೋಡುತ್ತಾರೆ. ಇಂದು ತೆಗೆದ ಕ್ಷಣದಲ್ಲೇ ಚಿತ್ರ ಪರದೆಯ ಮೇಲೆ ಕಾಣುತ್ತದೆ. ಕಲಿಕೆ ಹತ್ತುಪಟ್ಟು ಬೇಗ ಆಗಬೇಕಿತ್ತು. ಆದರೆ ತೆಗೆದ ಚಿತ್ರಗಳ ಲೆಕ್ಕ ಬೆಳೆದಷ್ಟು ತಿದ್ದುವ ಮಾತು ಬೆಳೆಯಲಿಲ್ಲ.

ಇನ್ನು ಮತ್ತೊಂದು ಗುಂಪಿನವರ ವಿಷಯಕ್ಕೆ ಬರುತ್ತೇನೆ. ಇವರು ಹೊಗಳುವುದಿಲ್ಲ, ಚುಚ್ಚುತ್ತಾರೆ. "ಇದೂ ಒಂದು ಫೋಟೋನಾ?" ಎಂದೋ, "ಮೊದಲು ಕ್ಯಾಮೆರಾ ಬದಲಾಯಿಸು" ಎಂದೋ ಒಂದು ಮಾತೆಸೆದು ಎದ್ದು ಹೋಗುತ್ತಾರೆ. ಇದನ್ನು ನೇರ ನುಡಿ ಎಂದು ಕರೆದುಕೊಂಡು ಬೀಗುವವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಇವರೂ ಹೊಗಳುಭಟರೂ ಒಂದೇ ಜಾತಿ. ಇಬ್ಬರೂ ಚಿತ್ರವನ್ನು ನೋಡಿಲ್ಲ. ಉತ್ತರಪತ್ರಿಕೆಯ ಮೇಲೆ ದೊಡ್ಡದಾಗಿ ಅಡ್ಡಗೆರೆ ಎಳೆದು ಬಿಟ್ಟರೆ ಮೌಲ್ಯಮಾಪನ ಮಾಡಿದಂತಾಗುವುದಿಲ್ಲ. ತಪ್ಪು ಎಲ್ಲಿದೆ, ಸರಿ ಏನು ಎಂದು ಅಂಚಿನಲ್ಲಿ ಬರೆದಾಗ ಮಾತ್ರ ಕೆಂಪು ಶಾಯಿಗೆ ಬೆಲೆ. ಹೊಸ ಲೆನ್ಸ್ ಕೊಳ್ಳಲು ಹೇಳುವುದು ವಿಮರ್ಶೆಯೇ ಅಲ್ಲ. ಕಾಲೂರಿ ಕೂರಲು, ಬೆಳಗಿನ ಬೆಳಕಿಗೆ ಕಾಯಲು, ಹಕ್ಕಿಯ ಮುಂದೆ ತುಸು ಜಾಗ ಬಿಡಲು ಒಂದು ಪೈಸೆಯೂ ಬೇಕಾಗಿಲ್ಲ.

ಈಗ ನನ್ನ ಜಗಳದ ಮೂಲಕ್ಕೆ ಬರುತ್ತೇನೆ. ಕಳೆದ ವರ್ಷ ಒಂದು ಚಿತ್ರ ಬಂತು, ಯಾರದೆಂದು ಹೇಳಲಾರೆ. ಕೆಮ್ಮೀಸೆ ಪಿಕಳಾರದ ಗೂಡು, ಅದರಲ್ಲಿ ಬಾಯಿ ತೆರೆದ ಮೂರು ಮರಿಗಳು. ಬೆಳಕು ಚೆನ್ನಾಗಿತ್ತು, ಮರಿಗಳ ಕಣ್ಣು ಸ್ಪಷ್ಟವಾಗಿತ್ತು, ನಲವತ್ತು ಜನ ಹೊಗಳಿದ್ದರು. ಆದರೆ ಗೂಡಿನ ಸುತ್ತ ಒಂದು ಎಲೆಯೂ ಇರಲಿಲ್ಲ. ಚಿತ್ರದ ಬಲ ಅಂಚಿನಲ್ಲಿ ಕತ್ತರಿಸಿದ ರೆಂಬೆಯೊಂದರ ಹಸಿ ತುದಿ ಕಾಣುತ್ತಿತ್ತು. ಕೇಳಿದೆ. "ಎಲೆ ಅಡ್ಡ ಬರ್ತಿತ್ತು ಸರ್, ಸ್ವಲ್ಪ ಸರಿಮಾಡಿದೆ" ಎಂದ. ಮೂರನೆಯ ದಿನ ಗೂಡು ಬರಿದಾಗಿತ್ತೆಂದು ಅವನೇ ಹೇಳಿದ. ಕಾಗೆಯೋ, ಕೆಂಬೂತವೋ, ಬೆಕ್ಕೋ, ಯಾರು ಬಲ್ಲರು? ಆ ಹುಡುಗ ದುಷ್ಟನಲ್ಲ, ಕೇಳಿದ್ದಕ್ಕೆ ನಿಜ ಹೇಳಿದ. ಆದರೆ ಪಿಕಳಾರವು ಪೊದೆಯ ನಡುವೆ ಎಲೆಗಳ ಮರೆಯಲ್ಲಿ ಗೂಡು ಕಟ್ಟುವುದು ಬಿಸಿಲಿನಿಂದಲೂ ಬೇಟೆಗಾರರ ಕಣ್ಣಿನಿಂದಲೂ ಮರಿಗಳನ್ನು ಕಾಯಲೆಂದು. ಆ ಮರೆಯನ್ನು ಕತ್ತರಿಸಿ ತೆಗೆದ ಚಿತ್ರಕ್ಕೆ ನಲವತ್ತು ಚಪ್ಪಾಳೆ ಬಿದ್ದವು. ಮುಂದಿನ ಗೂಡಿನ ಎದುರು ಅವನು ಏನು ಮಾಡಬೇಕೆಂದು ನಾವು ಕಲಿಸಿದಂತಾಯಿತು?

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972, "ಬೇಟೆ" ಎಂಬ ಪದಕ್ಕೆ ಕೊಡುವ ಅರ್ಥವನ್ನು ಒಮ್ಮೆ ಓದಿ ನೋಡಿ. ಕೋವಿ ಹಿಡಿದು ಕೊಲ್ಲುವುದಷ್ಟೇ ಅಲ್ಲ, ಕಾಡುಹಕ್ಕಿಗಳ ಮೊಟ್ಟೆಗಳನ್ನು ಅಥವಾ ಗೂಡನ್ನು ಕದಡುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಛಾಯಾಗ್ರಹಣದ ಅಂತಾರಾಷ್ಟ್ರೀಯ ಸಂಸ್ಥೆಗಳು ನಿಸರ್ಗ ವಿಭಾಗಕ್ಕೆ ಒಪ್ಪಿಕೊಂಡಿರುವ ನಿಯಮಗಳೂ ಇದನ್ನೇ ಹೇಳುತ್ತವೆ: ಯಾವ ಚಿತ್ರಕ್ಕಿಂತಲೂ ಜೀವಿಯ ಕ್ಷೇಮ ದೊಡ್ಡದು. ಚಿತ್ರದ ಅಂದಕ್ಕಿಂತ ಅದು ಹೇಳುವ ನಿಸರ್ಗದ ಕಥೆಗೆ ಹೆಚ್ಚು ತೂಕ ಕೊಡಬೇಕೆಂದೂ, ಇಲ್ಲದ್ದನ್ನು ಸೇರಿಸಬಾರದು, ಇದ್ದುದನ್ನು ಅಳಿಸಬಾರದೆಂದೂ ಅವು ಕೇಳುತ್ತವೆ. ಮೊಬೈಲಿನಲ್ಲಿ ಕೂಗು ಹಾಕಿ ನವರಂಗವನ್ನು ಪೊದೆಯಿಂದ ಹೊರಗೆಳೆಯುವವರಿಗೂ ಇದು ಅನ್ವಯ. ಆ ಕೂಗನ್ನು ಕೇಳಿದ ಹಕ್ಕಿ ತನ್ನ ನೆಲೆಗೆ ಎದುರಾಳಿ ಬಂದನೆಂದು ಭಾವಿಸಿ, ಮೇವು ಬಿಟ್ಟು ಹೋರಾಟಕ್ಕೆ ಬರುತ್ತದೆ. ನಾವು ಅದನ್ನು "ಎಂಥಾ ಭಂಗಿ!" ಎಂದು ಮೆಚ್ಚುತ್ತೇವೆ.

ಇದು ಹವ್ಯಾಸಿಗಳ ಪಾಡು ಮಾತ್ರವೆಂದು ತಿಳಿಯಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಜಗತ್ಪ್ರಸಿದ್ಧ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಪ್ರಥಮ ಬಹುಮಾನ ಬೇಲಿಬಾಗಿಲನ್ನು ಹಾರುವ ತೋಳದ ಚಿತ್ರಕ್ಕೆ ಸಂದಿತ್ತು. ಆ ತೋಳ ಬಹುಶಃ ಪಳಗಿಸಿದ್ದು ಎಂದು ತೀರ್ಪುಗಾರರು ತೀರ್ಮಾನಿಸಿ 2010ರ ಜನವರಿಯಲ್ಲಿ ಬಹುಮಾನವನ್ನು ಹಿಂಪಡೆದರು. 2017ರಲ್ಲಿ ಗೆದ್ದ ಇನ್ನೊಂದು ಚಿತ್ರದಲ್ಲಿ, ಬ್ರೆಜಿಲಿನ ಹುತ್ತವೊಂದರ ಬಳಿಯಿದ್ದ ಇರುವೆಭಕ್ಷಕ ಸತ್ತ ಪ್ರಾಣಿಯ ಚರ್ಮಕ್ಕೆ ಹೊಟ್ಟು ತುಂಬಿ ಮಾಡಿದ ಬೊಂಬೆಯೆಂದು ತಜ್ಞರು ಹೇಳಿದ್ದರಿಂದ 2018ರಲ್ಲಿ ಅದೂ ಅನರ್ಹವಾಯಿತು. ಎರಡೂ ಪ್ರಸಂಗಗಳಲ್ಲಿ ಛಾಯಾಗ್ರಾಹಕರು ಆರೋಪವನ್ನು ಅಲ್ಲಗಳೆದರು. ನನಗೆ ಮುಖ್ಯವೆನಿಸುವುದು ಬೇರೆ: ಬಹುಮಾನ ಬಂದ ಮೇಲೂ ಯಾರೋ ಮತ್ತೊಮ್ಮೆ ಕಣ್ಣಿಟ್ಟು ನೋಡಿ ಪ್ರಶ್ನೆ ಕೇಳಿದರು. ನಮ್ಮ ನಲವತ್ತು ಜನರಲ್ಲಿ ಒಬ್ಬರಾದರೂ ಆ ಹಸಿ ರೆಂಬೆಯನ್ನು ನೋಡಬಾರದಿತ್ತೇ?

"ಬಿಡಿ ಸರ್, ಹವ್ಯಾಸ ತಾನೇ, ಇಷ್ಟೊಂದು ಯಾಕೆ?" ಎನ್ನುವಿರಿ. ಹವ್ಯಾಸವಾದ್ದರಿಂದಲೇ ಹೇಳುತ್ತಿದ್ದೇನೆ. ಹೊಟ್ಟೆಪಾಡಿನ ಕೆಲಸದಲ್ಲಿ ತಪ್ಪಿದರೆ ತಿದ್ದಲು ಮೇಲಧಿಕಾರಿ ಇರುತ್ತಾನೆ. ಹವ್ಯಾಸದಲ್ಲಿ ಗೆಳೆಯರಲ್ಲದೆ ಇನ್ನಾರಿದ್ದಾರೆ? "ಮನಸ್ಸು ನೋಯುತ್ತದೆ" ಎನ್ನುವಿರಿ. ಹೇಳುವ ರೀತಿಯಲ್ಲಿ ಹೇಳಿದರೆ ನೋಯುವುದಿಲ್ಲ, ನೊಂದರೂ ಒಂದು ಸಂಜೆಯ ಮಾತು. "ನನಗೆ ಕ್ಯಾಮೆರಾ ಗೊತ್ತಿಲ್ಲ, ನಾನೇನು ಹೇಳಲಿ?" ಎಂದು ನಮ್ಮ ಅತ್ತೆಯಂದಿರು, ಚಿಕ್ಕಮ್ಮಂದಿರು ಕೇಳುವುದುಂಟು. ಕ್ಯಾಮೆರಾ ಗೊತ್ತಿರಬೇಕಾಗಿಲ್ಲ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಎಡವಿತು, ಹಕ್ಕಿ ಏನು ಮಾಡುತ್ತಿದೆಯೆಂದು ತಿಳಿಯಿತೇ, ಇಷ್ಟು ಹೇಳಿ ಸಾಕು. ಹಿತ್ತಿಲಿನ ಹಕ್ಕಿಯ ನಡೆನುಡಿ ಅನೇಕ ವೇಳೆ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ವಿಮರ್ಶೆ ಹೇಳುವುದಕ್ಕೊಂದು ಕ್ರಮವಿರುವಂತೆ ಕೇಳಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಬಿ.ಎಡ್. ಓದಿದವರಿಗೆಲ್ಲ ಸೂಕ್ಷ್ಮ ಬೋಧನೆ ನೆನಪಿರಬೇಕು. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಅದೇ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ, ಒಟ್ಟು 36 ನಿಮಿಷಗಳ ಚಕ್ರ. ಗಮನಿಸಿ: ಅತಿ ಹೆಚ್ಚಿನ ಸಮಯ ಸಂದದ್ದು ವಿಮರ್ಶೆಯನ್ನು ಕೇಳಿದ ಮೇಲೆ ಕುಳಿತು ಯೋಚಿಸುವುದಕ್ಕೆ. ವಾದಿಸುವುದಕ್ಕೆ ಅದರಲ್ಲಿ ಒಂದು ನಿಮಿಷವೂ ಇಲ್ಲ. ನಿಮ್ಮಲ್ಲಿ ಹಲವರು ಒಂದು ಮಾತು ಕೇಳುತ್ತಲೇ "ದೋಣಿ ಅಲ್ಲಾಡುತ್ತಿತ್ತು", "ಮೋಡವಿತ್ತು", "ಹಕ್ಕಿ ನಿಲ್ಲಲೇ ಇಲ್ಲ" ಎಂದು ಶುರುಮಾಡುತ್ತೀರಿ. ಅವೆಲ್ಲ ನಿಜವಿರಬಹುದು. ಆದರೆ ಚಿತ್ರ ನೋಡುವವನೊಡನೆ ನೀವು ದೋಣಿಯನ್ನೂ ಮೋಡವನ್ನೂ ಕಳಿಸಲಾರಿರಿ. ಹೇಳಿದ್ದನ್ನೆಲ್ಲ ಒಪ್ಪಬೇಕೆಂದೂ ನಾನು ಹೇಳುವುದಿಲ್ಲ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ವಾರ ಅದೇ ಕೆರೆಗೆ ಹೋಗಿ ಎರಡನ್ನೂ ಮಾಡಿ ನೋಡಿ. ಮರುಪಾಠವಿಲ್ಲದ ವಿಮರ್ಶೆ ಬರಿಯ ಮಾತು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಚಿತ್ರ ಕಳಿಸುವವರು ಬರಿಯ ಚಿತ್ರ ಕಳಿಸಬೇಡಿ. ಹಕ್ಕಿ ಏನು ಮಾಡುತ್ತಿತ್ತು, ಎಷ್ಟು ದೂರದಿಂದ ಹೇಗೆ ತೆಗೆದಿರಿ ಎಂದು ಬರೆಯಿರಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ, "ಹಿನ್ನೆಲೆಯ ಕಂಬಿ ಕಣ್ಣಿಗೆ ಚುಚ್ಚುತ್ತದೆಯೇ?" ಎಂದು ಕೇಳಿ. ನೋಡುವವರು ಮೂರು ಮಾತು ಹೇಳಿ: ಹಿಡಿಸಿದ್ದು ಯಾವುದು, ಹಿಡಿಸದ್ದು ಯಾವುದು ಮತ್ತು ಏಕೆ, ಮುಂದಿನ ಬಾರಿ ಏನು ಮಾಡಿ ನೋಡಬಹುದು. ಮೂರೂ ಬರದಿದ್ದರೆ ಸುಮ್ಮನಿರಿ, ಮೌನವೂ ಸುಳ್ಳು ಹೊಗಳಿಕೆಗಿಂತ ಮೇಲು. ಗೂಡಿನ ಚಿತ್ರ ಬಂದರೆ ಬೆಳಕು, ಬಣ್ಣಗಳ ಮಾತನ್ನೇ ಆಡಬೇಡಿ. ಹೇಗೆ ತೆಗೆದೆ ಎಂದು ಕೇಳಿ, ಹಿಂದೆ ಸರಿ ಎಂದು ಹೇಳಿ.

ಮೇಷ್ಟ್ರೆಂಬ ಸಂಕೋಚಕ್ಕೆ ನನ್ನ ಚಿತ್ರಗಳನ್ನು ಈ ನಿಯಮದಿಂದ ಹೊರಗಿಡಬೇಡಿ. ನಾಳೆ ಒಂದು ಮಡಿವಾಳ ಹಕ್ಕಿಯನ್ನು ಕಳಿಸುತ್ತಿದ್ದೇನೆ. ಕೆಂಪು ಶಾಯಿ ತುಂಬಿಸಿಟ್ಟುಕೊಳ್ಳಿ.

ನಿಮ್ಮ ಮೇಷ್ಟ್ರು