ಹಾವಸೆಯ ಪೊಟ್ಟಣಗಳು

ಮಳೆಗಾಲದಲ್ಲಿ ನಮ್ಮ ದಕ್ಷಿಣ ಕನ್ನಡದ ಮುರಕಲ್ಲಿನ ಗೋಡೆಯಲ್ಲಾಗಲಿ ಬಾವಿಯ ಕಟ್ಟೆಯಲ್ಲಾಗಲಿ ಹಸುರು ಹತ್ತದ ಸ್ಥಳವನ್ನು ಕಾಣುವುದು ದುರ್ಲಭ. ಅದನ್ನೆಲ್ಲ ಪಾಚಿಯೆಂಬ ಒಂದೇ ಹೆಸರಿನಿಂದ ಕರೆದು, ಕಾಲು ಜಾರೀತೆಂದು ಕೆರೆದು ತೆಗೆಯುವುದು ನಮ್ಮ ರೂಢಿ. ಮೆಟ್ಟಿಲ ಮೇಲಿನದನ್ನು ಕೆರೆಯುವುದು ಯುಕ್ತವೇ. ಆದರೆ ಕೆರೆಯುವ ಮುಂಚೆ ಒಂದು ಚಿಟಿಕೆಯಷ್ಟನ್ನು ಕಾಗದದಲ್ಲಿ ಮಡಚಿ ಬರೆದಿಡಬೇಕೆಂಬುದು ನನ್ನ ಅಭಿಪ್ರಾಯ. ಈ ಕೆಲಸಕ್ಕೆ ಹೈಸ್ಕೂಲಿನ ಬಾಲಿಕೆಯರಿಗಿಂತ ಯೋಗ್ಯರು ಯಾರು?

ನೀರಿನಲ್ಲಿ ಲೋಳೆಯಾಗಿ ತೇಲುವ ಪಾಚಿ ಬೇರೆ, ಹಾವಸೆ ಬೇರೆ. ಹಾವಸೆಗೆ ಪುಟ್ಟ ಕಾಂಡವೂ ಎಲೆಗಳೂ ಉಂಟು. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಕೂದಲಿನಂಥ ದಂಟಿನ ತುದಿಯಲ್ಲಿ ಮುಚ್ಚಳವುಳ್ಳ ಸಣ್ಣ ಭರಣಿಯಿರುವುದು. ಮುಚ್ಚಳ ಕಳಚಿದ ಮೇಲೆ ಭೂತಗನ್ನಡಿಯಿಂದ ನೋಡಿದರೆ ಅನೇಕ ಜಾತಿಗಳಲ್ಲಿ ಅದರ ಬಾಯ ಸುತ್ತಲೂ ಹಲ್ಲಿನ ಸಾಲು ತೋರುವುದು. ಗೋಡೆಗಳಲ್ಲಿ ಸಾಮಾನ್ಯವಾಗಿರುವ ಹಯೋಫಿಲಾಕ್ಕೆ ಹಲ್ಲೇ ಇಲ್ಲ. ಬೆಳ್ಳಿಯ ಹೊಳಪಿನ ಬ್ರಯಮ್ ಅರ್ಜೆಂಟಿಯಮ್ ಬರಿಗಣ್ಣಿಗೇ ಗುರುತು ಸಿಕ್ಕೀತು. ಉಳಿದವುಗಳಲ್ಲಿ ಬಹಳಷ್ಟಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಹೆಸರರಿಯದೆ ಕೂಡಿಸಿ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಹೆಸರು ತಡವಾಗಿ ಬಂದರೂ ನಷ್ಟವಿಲ್ಲ. ಹಾವಸೆಯನ್ನು ನೆರಳಿನಲ್ಲಿ ಒಣಗಿಸಿದರೆ ಸಾಕು. ವರುಷಗಳ ತರುವಾಯವೂ ನೀರು ತಾಗಿದೊಡನೆ ಎಲೆಗಳು ಬಿಚ್ಚಿಕೊಳ್ಳುತ್ತವೆ. ಕೊಡೈಕನಾಲಿನ ಸಮೀಪ ಶೆಂಬಗನೂರಿನಲ್ಲಿದ್ದ ಫೋರೋ ಎಂಬ ಫ್ರೆಂಚ್ ಪಾದ್ರಿಯವರು ಪಳನಿ ಬೆಟ್ಟಗಳಲ್ಲಿ ಕೂಡಿಸಿದವುಗಳನ್ನು ಪರದೇಶದ ಪಂಡಿತರು ಪರೀಕ್ಷಿಸಿ, ಒಂದು ಕುಲಕ್ಕೆ ಫೋರೊವೆಲ್ಲಾ ಎಂದು ಅವರ ಹೆಸರನ್ನೇ ಇಟ್ಟರು. ಆ ಬೆಟ್ಟಗಳ ಹಾವಸೆಗಳನ್ನು ಕುರಿತ ಅವರ ಬರಹ 1961ರಲ್ಲಿ ಅಚ್ಚಾಯಿತು. ಸ್ಥಳ, ತಾರೀಖು, ಬೆಳೆದದ್ದು ಕಲ್ಲಿನ ಮೇಲೋ ಮಣ್ಣಿನ ಮೇಲೋ ಯಾವ ಮರದ ತೊಗಟೆಯ ಮೇಲೋ ಎಂಬುದು, ಕೂಡಿಸಿದವಳ ಹೆಸರು, ಇಷ್ಟನ್ನು ಪೊಟ್ಟಣದ ಮೇಲೆ ಬರೆಯದಿದ್ದರೆ ಒಳಗಿರುವುದು ಬರೇ ಕಸವೇ ಸರಿ.

ಇದಕ್ಕೆ ಅವಸರವೂ ಉಂಟು. ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯುತ್ತಿದ್ದಾರೆ. ರಸ್ತೆಯ ಅಗಲಕ್ಕಾಗಿ ಹಳೆಯ ಮಾವಿನ ಮರಗಳು ಬೀಳುತ್ತಿವೆ. ಆ ತೊಗಟೆಯಲ್ಲಿ ಏನು ಬೆಳೆದಿತ್ತೆಂದು ನಾಳೆ ಮರದ ಬುಡವನ್ನು ಕೇಳಿದರೆ ಉತ್ತರ ಬಂದೀತೇ?

ಆದುದರಿಂದ ಮಾತಾಪಿತರಲ್ಲಿ ಒಂದು ವಿಜ್ಞಾಪನೆ. ಸುಣ್ಣ ಬಳಿಯುವುದಕ್ಕಾಗಿ ಮನೆ ಗುಡಿಸುವಾಗ ಮಗಳ ರಟ್ಟಿನ ಪೆಟ್ಟಿಗೆಯನ್ನು ದಯವಿಟ್ಟು ಒಲೆಗೆ ಹಾಕಿಸಬೇಡಿರಿ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಮನೆ ಮಾಡಿಕೊಂಡಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಅಂಗಳದಿಂದ ನಾಲ್ಕಾರು ಪೊಟ್ಟಣಗಳನ್ನು ಶಾಲೆಗೆ ಕಳುಹಿಸುವವರಾಗಲಿ. ಹಿಡಿ ತುಂಬ ಕೀಳುವುದು ಬೇಡ. ಹೆಬ್ಬೆರಳಿನ ಉಗುರಿನಷ್ಟಿದ್ದರೆ ಸಾಕು.