ಕೃಷಿವಿದ್ಯೆ: ಓದು ಮತ್ತು ಉದ್ಯೋಗ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದಿತೆಂದರೆ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಚರ್ಚೆ ಮೊದಲಾಗುವುದು. ಮಗನನ್ನು ಅಥವಾ ಮಗಳನ್ನು ಮುಂದೆ ಏನು ಓದಿಸಬೇಕು? ಮೊದಲು ವೈದ್ಯಕೀಯದ ಹೆಸರು ಬರುವುದು, ಅನಂತರ ಇಂಜಿನಿಯರಿಂಗಿನದು. ಇವೆರಡೂ ಕೈಗೂಡದೆ ಹೋದಾಗ, “ಕೃಷಿ ಕಾಲೇಜಿಗಾದರೂ ಸೇರಲಿ” ಎಂದು ಮನೆಯ ಹಿರಿಯರೊಬ್ಬರು ಹೇಳುವರು. ಈ “ಆದರೂ” ಎಂಬ ಮಾತನ್ನು ಕುರಿತೇ ಈ ತಿಂಗಳು ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದಿರುವೆವು.

ಈ ವಿದ್ಯೆಯ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ತಪ್ಪುತಿಳಿವಳಿಕೆಗಳಿವೆ. “ನೇಗಿಲು ಹಿಡಿಯುವುದಕ್ಕೆ ಪದವಿ ಏತಕ್ಕೆ?” ಎಂದು ಪಟ್ಟಣದ ಗೃಹಸ್ಥನು ಕೇಳುವನು. “ನಾನು ಪಟ್ಟ ಪಾಡು ನನ್ನ ಮಗನಿಗೆ ಬೇಡ, ಓದಿ ಆಫೀಸರನಾಗಲಿ” ಎಂದು ಹಳ್ಳಿಯ ರೈತನು ಹೇಳುವನು. ಮೊದಲನೆಯವನಿಗೆ ಬೇಸಾಯವು ವಿದ್ಯೆಯೇ ಅಲ್ಲ. ಎರಡನೆಯವನಿಗೆ ವಿದ್ಯೆಯೆಂಬುದು ಹೊಲವನ್ನು ಬಿಟ್ಟು ಮೇಲೇರುವ ಏಣಿ. ಇಬ್ಬರೂ ಆ ಕಾಲೇಜಿನೊಳಗೆ ಏನು ಕಲಿಸುತ್ತಾರೆಂಬುದನ್ನು ವಿಚಾರಿಸಿ ನೋಡಿದವರಲ್ಲ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲ ಒದಗಿಸಿದವರು ಒಬ್ಬ ಮಹಿಳೆ. ೧೮೯೯ರಲ್ಲಿ, ಮೈಸೂರು ಸಂಸ್ಥಾನದ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕಾಗಿ ದಾನಮಾಡಿದರು. ಅಲ್ಲಿಯೇ ೧೯೧೩ರಲ್ಲಿ ಕೃಷಿಶಾಲೆಯು ಏರ್ಪಟ್ಟು, ೧೯೪೬ರಲ್ಲಿ ಕಾಲೇಜಾಯಿತು. ಮರುವರ್ಷ ಧಾರವಾಡದಲ್ಲಿಯೂ ಕೃಷಿ ಕಾಲೇಜು ತೆರೆಯಿತು. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ೧೯೮೬ರಲ್ಲಿ ಧಾರವಾಡದ್ದೂ ಸ್ಥಾಪಿತವಾದುವು. ಈಗ ರಾಯಚೂರು ಮತ್ತು ಶಿವಮೊಗ್ಗಗಳಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯಗಳುಂಟು. ತೋಟಗಾರಿಕೆಗೆ ಬಾಗಲಕೋಟೆಯಲ್ಲಿ, ಪಶುವೈದ್ಯಕ್ಕೂ ಮೀನುಗಾರಿಕೆಗೂ ಬೀದರಿನಲ್ಲಿ ಬೇರೆ ವಿಶ್ವವಿದ್ಯಾನಿಲಯಗಳುಂಟು.

ಈ ಸಂಸ್ಥೆಗಳ ಓದಿನಿಂದ ರೈತನಿಗೆ ಆದುದೇನು ಎಂಬ ಪ್ರಶ್ನೆ ನ್ಯಾಯವಾದುದೇ. ಮಲೆನಾಡಿನವರು ಕೊಳೆರೋಗವನ್ನು ಬಲ್ಲರು. ಮಳೆಗಾಲದಲ್ಲಿ ಎಳೆಯ ಅಡಿಕೆಗಳು ಕೊಳೆತು ಉದುರಿ, ವರ್ಷದ ಆದಾಯವೆಲ್ಲ ತೋಟದ ಬುಡದಲ್ಲಿ ಬಿದ್ದಿರುವುದು. ಹಿಂದಿನವರು ಹುಲ್ಲಿನ ಕೊಟ್ಟೆಯನ್ನು ಗೊನೆಗೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ತರುವ ಸೂಕ್ಷ್ಮಜೀವಿಯನ್ನು ಅಭ್ಯಾಸಮಾಡಿ, ೧೯೧೦ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇಷ್ಟೇ ಆ ಮದ್ದು. ಶತಮಾನ ಕಳೆದರೂ ಮಳೆ ಹಿಡಿಯುವ ಮುನ್ನ ತೋಟಗಳಲ್ಲಿ ಇದನ್ನೇ ಹೊಡೆಯುವರು. ಪ್ರಯೋಗಶಾಲೆಯ ವಿದ್ಯೆಯು ತೋಟದ ಗೊನೆಯನ್ನು ಉಳಿಸಿದ ರೀತಿ ಇದು.

ಇನ್ನೊಂದು ನಿದರ್ಶನವನ್ನು ನಮ್ಮ ಊಟದ ಎಲೆಯಲ್ಲಿಯೇ ಕಾಣಬಹುದು. ರಾಗಿಯ ಹೂವು ಅತಿ ಸಣ್ಣದು; ತನ್ನ ಪರಾಗದಿಂದ ತಾನೇ ಕಾಳುಕಟ್ಟುವಂಥದು. ಆದುದರಿಂದ ಎರಡು ತಳಿಗಳನ್ನು ಕೂಡಿಸಿ ಹೊಸದನ್ನು ಪಡೆಯುವುದು ಬಹು ತಾಳ್ಮೆಯ ಕೆಲಸ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಫಾರಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ “ಇಂಡಾಫ್” ತಳಿಗಳನ್ನು ಪಡೆದರು. ಎರಡು ನಾಡುಗಳ ಹೆಸರೂ ಆ ಪದದಲ್ಲಿ ಅಡಗಿವೆ. ಇಳುವರಿಯನ್ನು ಹೆಚ್ಚಿಸಿದ ಆ ತಳಿಗಳಿಂದ ಅವರಿಗೆ “ರಾಗಿ ಬ್ರಹ್ಮ”ನೆಂಬ ಹೆಸರು ಬಂದಿತು. ನೇಗಿಲಿನ ಹಿಂದೆಯೂ ವಿದ್ಯೆಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಓದಿನ ಕ್ರಮವನ್ನು ಹೇಳುವೆವು. ಬಿ.ಎಸ್‌ಸಿ. ಕೃಷಿ ಪದವಿಗೆ ನಾಲ್ಕು ವರ್ಷಗಳು. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ, ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಕುಳಿತಿರಬೇಕು. ಸ್ಥಳಗಳಲ್ಲಿ ಒಂದು ಪಾಲು ಕೃಷಿಕರ ಮಕ್ಕಳಿಗೆ ಮೀಸಲಾಗಿರುವುದು. ಅವರಿಗೆ ಪ್ರತ್ಯೇಕವಾದ ಪ್ರಾಯೋಗಿಕ ಪರೀಕ್ಷೆಯುಂಟು. ಮಣ್ಣಿನ ಗುಣ, ಬೆಳೆಗಳ ಸಾಗುವಳಿ, ತಳಿಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗ, ಕೃಷಿಯ ಅರ್ಥಶಾಸ್ತ್ರ, ತಿಳಿದುದನ್ನು ರೈತರಿಗೆ ಮುಟ್ಟಿಸುವ ವಿಸ್ತರಣ ಶಿಕ್ಷಣ, ಇವು ಮುಖ್ಯ ಪಾಠಗಳು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ಕಾಲ ಹಳ್ಳಿಯಲ್ಲಿಯೇ ವಾಸಮಾಡಿ, ರೈತರ ಜೊತೆಯಲ್ಲಿ ಹೊಲಕ್ಕೆ ಹೋಗಿ ಕಲಿಯತಕ್ಕದ್ದು. ಖಾಸಗಿ ಕಾಲೇಜಿಗೆ ಸೇರಿಸುವವರು ಅದಕ್ಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಉಂಟೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸುವುದು ಕ್ಷೇಮ.

ಪದವಿಯ ಅನಂತರ ದೊರೆಯುವ ವೃತ್ತಿಗಳು ಹಲವು. ಸರಕಾರದ ಕೃಷಿ ಇಲಾಖೆಯಲ್ಲಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಎಂಬ ಹುದ್ದೆಗಳಿವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜಕ್ಕಾಗಿಯೂ ಸಲಹೆಗಾಗಿಯೂ ಬರುವ ಜನರ ನಡುವೆ ಕೆಲಸ. ಬ್ಯಾಂಕುಗಳು ಬೆಳೆಸಾಲದ ಕೆಲಸಕ್ಕಾಗಿ ಕೃಷಿ ಕ್ಷೇತ್ರಾಧಿಕಾರಿಗಳನ್ನು ಪರೀಕ್ಷೆಯ ಮೂಲಕ ಆರಿಸುವುವು. ಬೀಜ ನಿಗಮಗಳು, ಬೀಜ ಮತ್ತು ಗೊಬ್ಬರದ ಕಂಪನಿಗಳು, ಕಾಫಿ ತೋಟಗಳು ಇವರಿಗೆ ಕೆಲಸ ಕೊಡುವುವು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಈ ಪದವೀಧರರು ಅರ್ಹರು. ಸಂಶೋಧನೆಯಲ್ಲಿ ಮನಸ್ಸುಳ್ಳವರು ಎಂ.ಎಸ್‌ಸಿ., ಪಿಎಚ್.ಡಿ. ಮುಗಿಸಿ ವಿಜ್ಞಾನಿಗಳಾಗಬಹುದು, ಅಧ್ಯಾಪಕರಾಗಬಹುದು. ಆದರೆ ಅದು ದೀರ್ಘವಾದ ದಾರಿ. ಮನೆಯವರಿಗೂ ತಾಳ್ಮೆ ಬೇಕು.

ತನ್ನ ಕಾಲಮೇಲೆ ತಾನು ನಿಲ್ಲಬೇಕೆನ್ನುವವನಿಗೂ ದಾರಿಯುಂಟು. ಕೃಷಿ ಪದವೀಧರರು ಸಲಹಾ ಕೇಂದ್ರಗಳನ್ನೂ ಕೃಷಿ ವ್ಯಾಪಾರ ಕೇಂದ್ರಗಳನ್ನೂ ತೆರೆಯಲು ತರಬೇತಿಯನ್ನೂ ಸಾಲಕ್ಕೆ ಸಹಾಯಧನವನ್ನೂ ಕೊಡುವ ಯೋಜನೆಯನ್ನು ಕೇಂದ್ರ ಸರಕಾರವು ೨೦೦೨ರಲ್ಲಿ ಆರಂಭಿಸಿತು. ಮಣ್ಣು ಪರೀಕ್ಷೆ, ಸಸಿಗಳ ನರ್ಸರಿ, ಅಣಬೆ ಬೇಸಾಯ, ಬಾಡಿಗೆಯ ಯಂತ್ರಗಳು, ಗೊಬ್ಬರ ಮತ್ತು ಕೀಟನಾಶಕಗಳ ಅಂಗಡಿ, ಇವೆಲ್ಲ ಇಂತಹ ಉದ್ಯಮಗಳು. ಔಷಧಿಯನ್ನು ಮಾರುವವನು ರೋಗವನ್ನೂ ಬಲ್ಲವನಾಗಿದ್ದರೆ ಊರಿಗೆ ಎಷ್ಟು ಉಪಕಾರವೆಂಬುದನ್ನು, ಒಂದು ಹುಳುವಿಗೆ ಮೂರು ಬಗೆಯ ವಿಷವನ್ನು ಕೊಂಡು ತಂದ ರೈತನೇ ಹೇಳಬಲ್ಲನು.

ಆದರೆ ಗೃಹಸ್ಥರಿಗೆ ಸಿಹಿಯಾದ ಮಾತನ್ನು ಮಾತ್ರ ಹೇಳಿ ಮುಗಿಸುವುದು ನ್ಯಾಯವಲ್ಲ. ೨೦೧೫–೧೬ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಯ ಸರಾಸರಿ ವಿಸ್ತೀರ್ಣವು ೧.೦೮ ಹೆಕ್ಟೇರು, ಎಂದರೆ ಎರಡೂವರೆ ಎಕರೆಗೆ ಕೊಂಚ ಮೇಲು. ಪದವಿ ಪಡೆದು ಹಿಂದಿರುಗಿದ ಮಗನು ಅಷ್ಟು ನೆಲದಲ್ಲಿ ಅಪ್ಪನಂತೆಯೇ ರಾಗಿ ಬಿತ್ತಿದರೆ, ಅಪ್ಪನಿಗೆ ಬಂದಷ್ಟೇ ಬಂದೀತು. ಬೀಜೋತ್ಪಾದನೆ, ಹೂವು, ತರಕಾರಿ, ಹೈನುಗಾರಿಕೆ ಮೊದಲಾದುವುಗಳಲ್ಲಿ ತನ್ನ ವಿದ್ಯೆಯನ್ನು ತೊಡಗಿಸಿದರೆ ಮಾತ್ರ ಆ ಓದಿಗೆ ಬೆಲೆ. ಅದಕ್ಕೆ ಬಾವಿಯಲ್ಲಿ ನೀರೂ ಕೈಯಲ್ಲಿ ಮೂಲಧನವೂ ಹತ್ತಿರದಲ್ಲಿ ಮಾರುಕಟ್ಟೆಯೂ ಇರಬೇಕು.

ಸರಕಾರಿ ಹುದ್ದೆಗಳ ಮಾತೂ ಹಾಗೆಯೇ. ಅವು ಪ್ರತಿವರ್ಷವೂ ಬರುವುದಿಲ್ಲ. ಬಂದಾಗ ಒಂದು ಸ್ಥಾನಕ್ಕೆ ಹಲವರು ಕಾದಿರುವರು. ಕೋಣೆ ಬಾಡಿಗೆ ಹಿಡಿದು, ಇಂದು ನಾಳೆ ಎನ್ನುತ್ತ ಐದಾರು ವರ್ಷಗಳನ್ನು ಪರೀಕ್ಷೆಯ ಸಿದ್ಧತೆಯಲ್ಲಿಯೇ ಕಳೆಯುವ ಪದವೀಧರರುಂಟು. ಅತ್ತ ಊರಿನಲ್ಲಿ ತಂದೆಯು ಮಗನಿಗೆ ಹಣ ಕಳುಹಿಸಲು ಸಾಲಮಾಡುತ್ತಿರುವನು. ಆದಕಾರಣ ಎಷ್ಟು ವರ್ಷ ಪ್ರಯತ್ನಿಸುವುದು, ಆಗದಿದ್ದರೆ ಮುಂದೇನು ಎಂಬುದನ್ನು ತಂದೆಮಕ್ಕಳು ಮೊದಲೇ ಕುಳಿತು ನಿಶ್ಚಯಿಸಿಕೊಳ್ಳಬೇಕು. ಈ ಒಂದು ಮಾತುಕತೆಯನ್ನು ಸಂಕೋಚದಿಂದ ಮುಂದಕ್ಕೆ ಹಾಕಿದ ಮನೆಗಳಲ್ಲಿ ದುಃಖವು ಹೆಚ್ಚು.

ಹೆಣ್ಣುಮಕ್ಕಳ ವಿಷಯದಲ್ಲಿ, “ಬಿಸಿಲಿನಲ್ಲಿ ಅಲೆಯುವ ಕೆಲಸ ನಮ್ಮ ಹುಡುಗಿಗೇಕೆ?” ಎನ್ನುವ ತಾಯಂದಿರು ಇನ್ನೂ ಇದ್ದಾರೆ. ಹೊಲದಲ್ಲಿ ನಾಟಿಮಾಡುವವರು, ಕಳೆ ಕೀಳುವವರು, ಮನೆಯಲ್ಲಿ ಬೀಜವನ್ನು ಬೂದಿಯಲ್ಲಿ ಕಲಸಿ ಕಾಪಾಡುವವರು ಬಹುಮಟ್ಟಿಗೆ ಹೆಂಗಸರೇ ಅಲ್ಲವೆ? ಅವರೊಡನೆ ಸಲಿಗೆಯಿಂದ ಮಾತನಾಡಿ ತಿಳಿಸಬಲ್ಲ ವಿದ್ಯಾವಂತೆಯು ಊರಿಗೆ ಬಹಳ ಬೇಕಾದವಳು.

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆಯು ಈ ವಿದ್ಯೆಗೆ ಹೊಂದುವಷ್ಟು ಬೇರೊಂದಕ್ಕೆ ಹೊಂದದು. ಅರ್ಜಿ ತುಂಬುವ ಮೊದಲು ಗೃಹಸ್ಥರು ತಮ್ಮ ಮಗುವನ್ನು ನಾಲ್ಕು ದಿನ ಗಮನಿಸಿ ನೋಡಲಿ. ಬಾಡಿದ ಗಿಡದ ಎಲೆಯನ್ನು ಮಗುಚಿ ನೋಡುವ ಕುತೂಹಲವುಂಟೇ? ಹಿರಿಯ ರೈತನ ಮಾತನ್ನು ಗೌರವದಿಂದ ಕೇಳುವ ಸೈರಣೆಯುಂಟೇ? ಕಾಲಿಗೆ ಕೆಸರು ಮೆತ್ತಿದರೆ ಅಸಹ್ಯಪಡದ ಸ್ವಭಾವವುಂಟೇ? ಉಂಟೆಂದಾದರೆ, “ಕೃಷಿ ಕಾಲೇಜಿಗಾದರೂ” ಎನ್ನದೆ, “ಕೃಷಿ ಕಾಲೇಜಿಗೇ” ಎಂದು ಹೇಳಿ ಸಂತೋಷದಿಂದ ಕಳುಹಿಸಲಿ.